ಹಾನಗಲ್ಲ ಸಂತೆಯಲ್ಲಿ ಅಣಬೆಗೊಂದು ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಡೂರಿನ ಆಚೆಯ ಕುರುಚಲು ಕಾಡಿನಲ್ಲಿ ಹೊಳೆವ್ವ ಹುತ್ತದ ಮುಂದೆ ಮೊಣಕಾಲೂರಿದ್ದಾಳೆ. ಎರಡು ಬೆರಳು ಮಣ್ಣಿಗಿಳಿಸಿ, ಅಣಬೆಯನ್ನು ತಿರುವಿ ಮೆಲ್ಲಗೆ ಎತ್ತುತ್ತಾಳೆ. ಹುತ್ತಕ್ಕೆ ಕಬ್ಬಿಣ ತಾಗಿಸುವುದಿಲ್ಲ. ಪೂರ್ತಿ ಅರಳಿದವನ್ನು ಮುಟ್ಟುವುದೂ ಇಲ್ಲ. “ಅವುಗಳ ಪುಡಿ ಇಲ್ಲೇ ಉದುರ್ಲಿ. ಎಲ್ಲಾ ಬಳಕೊಂಡು ಹೋದರ ಮುಂದಿನ ವರ್ಸ ಯಾರ ಮನಿಗೆ ಹೋಗ್ಲಿ?”

ಮಳೆಗಾಲದ ಎರಡೂವರೆ ತಿಂಗಳು ಇದೇ ಆಕೆಯ ದುಡಿಮೆ. ಗಂಡ ಬೀರಪ್ಪ ತೀರಿಕೊಂಡು ಹನ್ನೊಂದು ವರ್ಷ. ಶಾಲೆ ಕಂಡವಳಲ್ಲ, ಆದರೆ ಅರವತ್ತೆರಡು ಹುತ್ತಗಳ ಗುರುತು ತಲೆಯಲ್ಲಿದೆ. ಯಾವುದು ಯಾವ ಮಳೆಗೆ ಏಳುತ್ತದೆ ಎಂಬುದೂ. ತೇಗದೆಲೆ ಹಾಸಿದ ಬುಟ್ಟಿ ಹೊತ್ತು ಹಾನಗಲ್ಲಿಗೆ ಏಳೆಂಟು ಮೈಲಿ ನಡೆಯುತ್ತಾಳೆ. ಅಂದೇ ಮಾರದಿದ್ದರೆ ಅಣಬೆ ಕಪ್ಪಾಗಿ ಕೊಳೆಯುತ್ತದೆ.

ಅವಳನ್ನು ಕಾಡುವುದು ಕಾಡಲ್ಲ, ಸಂತೆ. ಕುದಿಯುವಾಗ ಮಾಂಸದ ವಾಸನೆ ಬರುತ್ತದೆಂದು ಕಾಯಿಪಲ್ಲೆ ಮಾರುವ ಅನ್ನವ್ವ ಬುಟ್ಟಿ ಎತ್ತಿಸಿದಳು. “ಇದು ಅಡಗು, ಮಾಂಸ ಇದ್ದಂಗ. ಅತ್ಲಾಗ ಹೋಗಬೇ.” ಅತ್ತ ಹೋದರೆ ಮಾಂಸ ಮಾರುವ ದಿಲಾವರ ನಕ್ಕ. “ಅಕ್ಕಾ, ರಗತ ಇಲ್ಲ, ಎಲುಬಿಲ್ಲ. ಇದನ್ನ ನಾ ಹೆಂಗ ಕೊಯ್ಲಿ?” ಸಂತೆಯ ಗುತ್ತಿಗೆದಾರ ಅಜ್ಜಪ್ಪನದು ಕಡೆಯ ಮಾತು: “ಯಾವುದರ ಒಂದು ಸಾಲಿಗೆ ಸೇರು. ಇಲ್ಲಂದ್ರ ಸಂತಿಗೆ ಬರಬ್ಯಾಡ.”

ಹೈಸ್ಕೂಲಿನ ಕರಬಸಪ್ಪ ಮಾಸ್ತರರು ಮರುಗಿ ಚೀಟಿ ಬರೆದು ತಂದರು. “ನಾ ಕಲಿತ ಹಳೇ ಪುಸ್ತಕದಾಗ ಜೀವಕ್ಕ ಎರಡೇ ಪಂಗಡ, ಹೊಳೆವ್ವ. ಸಸ್ಯ, ಪ್ರಾಣಿ. ಅಣಬಿ ಓಡಾಡಂಗಿಲ್ಲ, ಅದಕ್ಕ ಸಸ್ಯ. ಇದನ್ನ ತೋರಿಸು, ಕಾಯಿಪಲ್ಲೆ ಸಾಲಿನ್ಯಾಗ ಕುಂದ್ರು.”

ಹೊಳೆವ್ವ ಚೀಟಿ ಮುಟ್ಟಲಿಲ್ಲ. “ಹಸರು ಎಲ್ಲೈತ್ರಿ ಇದರಾಗ? ಎಲಿ ಎಲ್ಲೈತಿ? ಗಿಡಾ ಬಿಸಲು ಕುಡದು ಬೆಳೀತೈತಿ, ದನಾ ಗಿಡಾ ತಿಂದು ಬೆಳೀತೈತಿ. ಇದು ಕತ್ತಲದಾಗ ಕುಂತು ಸತ್ತ ಕಟಗಿ ತಿಂತೈತಿ. ಬೀಜ ಇಲ್ಲ, ಬೂದಿಯಂಥಾ ಪುಡಿ. ಕಾಯಿಪಲ್ಲೆ ಅಂತ ಸುಳ್ಳು ಹೇಳಿದ್ರ, ಅಡಗು ತಿನ್ನದಾಕಿ ಒಯ್ದು ಮನ್ಯಾಗ ಬೈಸ್ಕೊಳ್ಳೂದಿಲ್ಲೇನ್ರಿ?”

“ಮತ್ತ ಏನಂತ ಬರೀಲಿ?”

“ಅಣಬಿ ಅಂತ ಬರೀರಿ.”

ಎರಡೇ ಸಾಲು ಹಾಕಿಟ್ಟವರು ಯಾರೂ ಹುತ್ತದ ಮುಂದೆ ಕೂತವರಲ್ಲ. ಮೂರನೆಯದು ಎದುರಿಗೆ ಬಂದರೆ ತಮ್ಮ ಲೆಕ್ಕ ತಪ್ಪಿತೆನ್ನುವುದಿಲ್ಲ, ಅದನ್ನೇ ಎಬ್ಬಿಸುತ್ತಾರೆ.

ಇಂದು ಹೊಳೆವ್ವ ಎರಡೂ ಸಾಲುಗಳ ನಡುವೆ, ಕೆಸರಿನ ಮೇಲೆಯೇ ಗೋಣಿ ಹಾಸಿ ಕೂತಿದ್ದಾಳೆ. ಕೊಳ್ಳುವವರು ಆಗಲೇ ಮೂವರು. ಅಜ್ಜಪ್ಪ ಕೋಲು ಚಾಚಿ ಎದುರಿಗೆ ನಿಲ್ಲುತ್ತಾನೆ.

“ಇದು ಯಾವ ಸಾಲಬೇ?”

“ಅಣಬಿ ಸಾಲು.”

“ಒಬ್ಬಾಕಿ ಕುಂತ್ರ ಸಾಲಾಕ್ಕೈತೇನು?”

“ಕಾಯಿಪಲ್ಲೆ ಸಾಲಿನ್ಯಾಗೂ ಮೊದಲ ಒಬ್ಬಾಕೀನ ಕುಂತಿರ್ಬೇಕ್ರಿ.”

ಕೊಳ್ಳಲು ಬಂದವರು ನಗುತ್ತಾರೆ. ಅಜ್ಜಪ್ಪನ ಕೋಲು ಕೆಳಗಿಳಿಯುತ್ತದೆ. ಹೊಳೆವ್ವ ಏಳುವುದಿಲ್ಲ, ಮಡಿಚಿದ ಗೋಣಿಯನ್ನು ಇನ್ನೊಂದು ಮೊಳ ಬಿಡಿಸುತ್ತಾಳೆ.

“ಮುಂದಿನ ಸಂತಿಗೆ ನಮ್ಮ ತಂಗಿ ಫಕ್ಕೀರವ್ವನೂ ಬರ್ತಾಳ. ಇಷ್ಟು ಜಾಗ ಆಕೀದು.”