ಒರೆಸದೆ ಬಿಟ್ಟ ಮುಖ

ಮೇಣದಲ್ಲಿ ಚಿತ್ರ ಬರೆಯುವವರ ಆ ಗುಂಪಿಗೆಲ್ಲ ಹಿರಿಯಳು ಬಟ್ಟೆಯಕ್ಕ. ಕೈಯಲ್ಲಿ ಮೆತ್ತನೆಯ ಬಟ್ಟೆಯ ತುಂಡಿಲ್ಲದೆ ಆಕೆಯನ್ನು ಕಂಡವರಿಲ್ಲ. ನಿದ್ದೆಯಲ್ಲೂ ದಿಂಬನ್ನು ಒರೆಸುತ್ತಾಳೆಂದು ಮನೆಯವರು ನಗುತ್ತಾರೆ. ಬಣ್ಣ ಬೆರೆಸಿದ ಬಿಸಿ ಮೇಣ ಹಲಗೆಯ ಮೇಲೆ ಆರಿ ಗಟ್ಟಿಯಾದ ಮೇಲೂ ಚಳಿಗೆ ಬಿಳಿಯ ಮಂಜು ಕಟ್ಟುತ್ತದೆ. ಒರೆಸಿದರಷ್ಟೇ ಚಿತ್ರ ಮತ್ತೆ ಕಣ್ಣು ಬಿಡುವುದು. ಹಾಗಾಗಿ ಗುಂಪಿನ ಪ್ರದರ್ಶನ ನಡೆಯುವಷ್ಟು ದಿನವೂ ಆಕೆ ಎಲ್ಲರಿಗಿಂತ ಮೊದಲು ಬಂದು, ತನ್ನದು ಪರರದು ಎನ್ನದೆ, ಮಕ್ಕಳ ಮುಖ ಒರೆಸುವ ಹಾಗೆ ಒಂದೊಂದನ್ನೂ ಒರೆಸುತ್ತಾಳೆ. “ಏನೋ ಇದು, ಮೂಗಿನ ಮೇಲೆಲ್ಲ ಮಂಜು!” ಎಂದು ಚಿತ್ರವನ್ನೇ ಗದರುತ್ತಾಳೆ. ಯಾರಾದರೂ ಕಿಟಕಿಯ ಪರದೆ ಸರಿಸಿದರೆ, “ಬಿಸಿಲು ಬಿದ್ರೆ ಇವರೆಲ್ಲ ಕರಗಿ ನಿಮ್ಮ ಕಾಲಿಗೇ ಬೀಳ್ತಾರೆ,” ಎಂದು ಓಡಿಬರುತ್ತಾಳೆ. ಈ ಸಲದ ವಿಷಯ ‘ಮುಖಗಳು’. ಮೂಲೆಯಲ್ಲಿ ತೂಗುತ್ತಿರುವುದು, ಆಕೆಯ ತೀರಿಹೋದ ತಂಗಿಯ ಮುಖ; ತಂಗಿ ತಾನೇ ಬರೆದಿಟ್ಟದ್ದು. ಅದರ ಮೇಲೆ ಮಾತ್ರ ಮಂಜು ದಟ್ಟವಾಗಿ ಕೂತಿದೆ. ನೋಡಲು ಬಂದವರು ಆ ಮಂಜೇ ಕಲೆಗಾರಿಕೆಯೆಂದು ತಲೆದೂಗುತ್ತಾರೆ. ಗುಂಪಿಗೆ ಹೊಸದಾಗಿ ಸೇರಿದ ಹುಡುಗಿ ಒಂದು ಬೆಳಗ್ಗೆ, “ಅಕ್ಕಾ, ಇದೊಂದು ಮರೆತ್ರಿ, ನಾನು ಒರೆಸ್ಲಾ?” ಎಂದು ಕೈ ಚಾಚಿದಳು. ಬಟ್ಟೆಯಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. “ಬೇಡ ಕಣೇ. ಒರೆಸಿದ್ರೆ ಅವಳು ನನ್ನನ್ನ ನೋಡ್ತಾಳೆ. ಆಮೇಲೆ ಉಳಿದವನ್ನ ಒರೆಸೋಕೆ ನನ್ನ ಕೈ ಏಳಲ್ಲ.”