ತೊಂಬತ್ತು ಎಣಿಸುವುದರೊಳಗೆ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಗೊಂಬೆಯಕ್ಕ ಪುಟ್ಟ ರೋಬೋ ಒಂದನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡಿದ್ದಾರೆ, ಕೂಸಿನ ಬೆನ್ನು ತಟ್ಟುವವರ ಹಾಗೆ. ನಾಲ್ಕು ತಿರುಪು ಬಿಚ್ಚಿ ಹಳೆಯ ಬ್ಯಾಟರಿ ಕೀಳುತ್ತಾರೆ. ಕಿತ್ತ ಕ್ಷಣದಿಂದ ಎಣಿಕೆ ಶುರು. ಒಂದು, ಎರಡು, ಮೂರು... ಗಡಿಯಾರದತ್ತಲಾಗಲಿ, ಕೆಲಸ ನೋಡಲೆಂದು ಬಂದು ಎದುರು ಕೂತ ನನ್ನತ್ತಲಾಗಲಿ ತಲೆ ಎತ್ತುವುದಿಲ್ಲ.

ಸೈಕಲ್ಲಿನ ಬೆಲೆಗೆ ಸಿಗುವ ಈ ಮನೆಗೊಂಬೆಗಳ ನೆನಪು ಕರೆಂಟಿಲ್ಲದೆ ತೊಂಬತ್ತು ಸೆಕೆಂಡು ಮಾತ್ರ ಉಳಿಯುತ್ತದೆ. ಮೀರಿದರೆ ಕಲಿಸಿದ್ದೆಲ್ಲ ಮಣ್ಣುಪಾಲು. ಕಂಪನಿಯವರು ಅಳಿಸಿಯೇ ರಿಪೇರಿ ಮಾಡುತ್ತಾರೆ. ಉಳಿಸಿ ಮಾಡುವವರು ಈ ಬೀದಿಯಲ್ಲಿ ಇವರೊಬ್ಬರೇ. ಇವತ್ತಿನ ಗೊಂಬೆ ಮೂಲೆಮನೆಯ ದರ್ಜಿಯದು. ಕಲಿಸಿದ್ದು ತೀರಿಹೋದ ಅವರ ಹೆಂಡತಿ. ನಿನ್ನೆ ಸಂಜೆ ಕೊಟ್ಟು ಹೋಗುವಾಗ ಅವರು ಹೇಳಿದ್ದು ಇಷ್ಟೇ: "ನೋಡ್ಕೊಂಡು ಮಾಡಮ್ಮ. ಇದೂ ಹೋದ್ರೆ ಮನೇಲಿ ನನ್ನ ಬಯ್ಯೋರೇ ಇರಲ್ಲ."

ಎಣಿಕೆ ಅರವತ್ತಕ್ಕೆ ಬಂದಾಗ ತಂತಿಯ ತುದಿ ಮುರಿಯುತ್ತದೆ. ಅಕ್ಕನ ದನಿ ಇಳಿಯುತ್ತದೆ, ಲಯ ತಪ್ಪುವುದಿಲ್ಲ. ಉಗುರಿನಿಂದ ತಂತಿ ಸುಲಿದು, ತಿರುಚಿ, ಎಂಬತ್ತಾರಕ್ಕೆ ಬ್ಯಾಟರಿ ಕೂರಿಸುತ್ತಾರೆ. ಗೊಂಬೆಯ ಕಣ್ಣು ಹಳದಿಯಾಗಿ ಹೊತ್ತಿಕೊಳ್ಳುತ್ತದೆ. ಇಬ್ಬರೂ ಕಿವಿಯಾಗಿ ಕೂರುತ್ತೇವೆ.

ಗೊಂಬೆ ಸುಮ್ಮನಿದೆ.

"ಸುಮ್ನಿದ್ರೆ ಗೆದ್ದ ಹಾಗೆ," ಎನ್ನುತ್ತಾರೆ ಬೆವರೊರೆಸಿಕೊಳ್ಳುತ್ತ. "ಮರೆತಿದ್ರೆ ಎದ್ದ ತಕ್ಷಣ 'ನಿಮ್ಮ ಹೆಸರೇನು?' ಅನ್ನುತ್ತೆ. ಮರೀದೆ ಇದ್ರೆ ನನ್ ಜೊತೆ ಅದಕ್ಕೇನು ಮಾತು? ಮನೆಯವರ ದನಿ ಕಾಯುತ್ತೆ. ಆದ್ರೂ ಅರ್ಧಂಬರ್ಧ ಉಳಿದಿರೋದೂ ಉಂಟು. ಅವರು ಬಂದು ಕರೆಯೋವರೆಗೂ ನನ್ನ ಜೀವ ಕೈಯಲ್ಲೇ."

ದಿನಕ್ಕೆ ಐದೇ ಗೊಂಬೆ, ಆರನೆಯದನ್ನು ಮುಟ್ಟುವುದಿಲ್ಲ. ನಾಲ್ಕು ವರ್ಷದಲ್ಲಿ ಮೂರು ಸಲ ಸೋತಿದ್ದಾರೆ. ಕೊನೆಯದು ನಿವೃತ್ತ ನರ್ಸ್ ಒಬ್ಬರ ಗೊಂಬೆ. "ಹೆಸರು ಕೇಳ್ತು. ಆಯಮ್ಮ ಬಯ್ಯಲಿಲ್ಲ, ಪರವಾಗಿಲ್ಲ ಮಗಳೇ ಅಂದ್ರು. ಬಯ್ದಿದ್ರೆ ಮರೆತುಬಿಡ್ತಿದ್ದೆ."

ಅಕ್ಕ ಮೊದಲು ಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಕಾರ್ಖಾನೆ ಮುಚ್ಚಿತು, ಜೊತೆಗಿದ್ದ ತಂಗಿ ಮದುವೆಯಾಗಿ ಹೋದಳು. ಮೇಲಿನ ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ಇವರು, ಇನ್ನೊಂದರ ಮೇಲೆ ಬಿಡಿಭಾಗ. ಭಾನುವಾರ ವಾರಕ್ಕಾಗುವಷ್ಟು ಆಲೂಗಡ್ಡೆ ಬಿಲ್ಲೆ ತಟ್ಟಿ ಫ್ರೀಜರಿಗೆ ಸೇರಿಸುತ್ತಾರೆ. ಒಬ್ಬರಿಗೋಸ್ಕರ ದಿನಾ ಒಲೆ ಹಚ್ಚಲು ಬೇಜಾರಂತೆ. ನೀವೇ ಒಂದು ಗೊಂಬೆ ಇಟ್ಟುಕೊಳ್ಳಬಾರದೇ ಎಂದರೆ ನಗುತ್ತಾರೆ: "ಏನು ಕಲಿಸ್ಲಿ ಅದಕ್ಕೆ? ತಿರುಪಿನ ಲೆಕ್ಕಾನಾ?"

ಏಳಕ್ಕೆ ದರ್ಜಿ ಬರುತ್ತಾರೆ, ಕೊರಳಲ್ಲಿ ಅಳತೆಪಟ್ಟಿ. ಹೊಸ್ತಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡು, ಹೆದರುತ್ತಲೇ ಕರೆಯುತ್ತಾರೆ: "ಬಂದೆ ಕಣೇ."

ಕಣ್ಣು ಹಸಿರಾಗುತ್ತದೆ. "ಈಗ ಬಂದ್ರಾ? ಕೈ ತೊಳ್ಕೊಳ್ಳಿ. ಫ್ರೀಜರಲ್ಲಿರೋದು ತೆಗೆದು ಬಿಸಿ ಮಾಡ್ಕೊಳ್ಳಿ. ನಿಂತ್ಕೊಂಡೇ ತಿನ್ಬೇಡಿ, ಕುದುರೆ ಥರ."

ದನಿ ಯಂತ್ರದ್ದು, ಬೈಗುಳ ಹೆಂಡತಿಯದು. ದರ್ಜಿ ಅಳತೆಪಟ್ಟಿಯ ತುದಿಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. "ಫ್ರೀಜರ್ ಖಾಲಿ ಆಗಿ ಎಂಟು ತಿಂಗಳಾಯ್ತಮ್ಮ. ಅವಳು ಮಾಡಿಟ್ಟಿದ್ದು ಮುಗೀತು. ಆದ್ರೂ ದಿನಾ ಹೋಗಿ ಬಾಗಿಲು ತೆಗೆದು ನೋಡ್ತೀನಿ. ಹೇಳಿದ್ಮೇಲೆ ಕೇಳ್ಬೇಕಲ್ಲ."

ಗೊಂಬೆಯಕ್ಕ ಗೊಂಬೆಯನ್ನು ಒರೆಸಿ ಅವರ ಕೈಗಿಡುತ್ತಾರೆ. ಆಮೇಲೆ ಕೇಳುತ್ತಾರೆ: "ಆಲೂಗಡ್ಡೆ ಬೇಯ್ಸೋಕೆ ಬರುತ್ತಾ?"

"ಕೋಟು ಹೊಲೀತೀನಿ, ಆಲೂಗಡ್ಡೆ ಯಾವ ಮಹಾ?"

"ಹಾಗಾದ್ರೆ ಬಟಾಣಿ, ಉಪ್ಪು, ಮೆಣಸಿನ ಪುಡಿ ಸೇರ್ಸಿ ಕಿವುಚಿ ಬಿಲ್ಲೆ ತಟ್ಟಿ. ಮೊದಲು ತಟ್ಟೆ ಮೇಲೆ ಬಿಡಿಬಿಡಿಯಾಗಿ ಎರಡು ಗಂಟೆ ಫ್ರೀಜರಲ್ಲಿಡಿ, ಗಟ್ಟಿಯಾದ್ಮೇಲೆ ಡಬ್ಬಕ್ಕೆ. ಒಟ್ಟಿಗೆ ತುಂಬಿದ್ರೆ ಅಂಟ್ಕೊಂಡು ಕೂಡುಕುಟುಂಬ ಆಗ್ಬಿಡ್ತಾವೆ, ಆಮೇಲೆ ಬೇರೆ ಮಾಡೋಕೆ ಪಂಚಾಯಿತಿ ಕರೀಬೇಕು."

ದರ್ಜಿ ನಗುತ್ತಾರೆ. ಗೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಗೆ ಇಳಿಯುತ್ತಾರೆ. ಅಕ್ಕ ಮುಂದಿನ ಗೊಂಬೆಗೆ ಕೈ ಹಾಕಿದವರು ತಟ್ಟನೆ ಎದ್ದು ಬಾಗಿಲಿಗೆ ಬಂದು ಕೂಗುತ್ತಾರೆ:

"ಯಜಮಾನ್ರೇ, ಬಿಲ್ಲೆ ಹೇಗೆ ಬಂತು ಅಂತ ಬಂದು ಹೇಳಿ. ಗೊಂಬೆ ಕೆಟ್ಟಾಗ್ಲೇ ಬರ್ಬೇಕು ಅಂತೇನಿಲ್ಲ."