ಆರು ರೊಟ್ಟಿಯ ಸಿಲಿಂಡರ್

ಭಾಗ್ಯನಗರದಲ್ಲಿರುವ ನನ್ನ ಅಕ್ಕ ಗಿರಿಜಾಗೆ ಈಜು ಬರುವುದಿಲ್ಲ. ಬಾವಿ ಕಂಡರೆ ಹತ್ತು ಹೆಜ್ಜೆ ದೂರ ನಿಲ್ಲುವವಳು. ಅಂಥವಳು ಕಳೆದ ಭಾನುವಾರ ನೀರು ತುಂಬಿದ ಗುಹೆಯೊಳಗೆ ಉಸಿರಾಡುವ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ನನ್ನ ಮೈ ಇನ್ನೂ ಜುಮ್ಮೆನ್ನುತ್ತಿದೆ!

ಅಕ್ಕನ ಮಗಳು ನೇತ್ರಾ ಸಮುದ್ರದಲ್ಲಿ ಡೈವಿಂಗ್ ಕಲಿಸುತ್ತಾಳೆ. ಈಗ ಗುಹೆ ಡೈವಿಂಗ್ ಕಲಿಯಲು ಜೊತೆಗಾರ ದಿನೇಶನೊಂದಿಗೆ ವಿದೇಶಕ್ಕೆ ಹೊರಟಿದ್ದಾಳೆ. ಸಮುದ್ರದಲ್ಲಿ ಹೆಚ್ಚುಕಮ್ಮಿಯಾದರೆ ಮೇಲೆ ಬರಬಹುದು. ಗುಹೆಯಲ್ಲಿ? ತಲೆಯ ಮೇಲೆ ಬಂಡೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು, ಅಲ್ಲಿಯವರೆಗೂ ಗಾಳಿ ಇರಬೇಕು.

ಅಕ್ಕನದು ಒಂದೇ ಹಟ. “ನನಗ ತಿಳಿಯೂವಂಗ ಹೇಳು. ತಿಳೀಲಿಲ್ಲಂದ್ರ ಹೋಗೂದು ಬ್ಯಾಡ.”

ನೇತ್ರಾ ಪಡಸಾಲೆಯಲ್ಲಿ ಸಾಮಾನು ಹರಡಿದಳು. ಉಸಿರಾಡುವ ರೆಗ್ಯುಲೇಟರ್ ಎರಡು, ದಾರಿ ತಪ್ಪದಂತೆ ಬಿಚ್ಚುತ್ತ ಹೋಗುವ ದಾರದ ರೀಲ್, ಟಾರ್ಚ್ ಮೂರು.

“ಮೂರು ಟಾರ್ಚ್ ಯಾಕವಾ, ಕಳ್ಳರನ್ನ ಹಿಡಿಯಾಕ ಹೊಂಟೀಯೇನು?” ಎಂದೆ.

“ಒಂದು ಕೆಟ್ರ ಇನ್ನೊಂದು, ಅದೂ ಕೆಟ್ರ ಮತ್ತೊಂದು. ಅಲ್ಲಿ ಅಂಗಡಿ ಇರೂದಿಲ್ಲ ಮಾಮಾ.”

ಬೇಕಿತ್ತಾ ನನಗೆ? (ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತದೆ ಎಂದು ಹೇಳಿಯೂ ಬೈಸಿಕೊಂಡೆ. ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿಯೇ ಅಂತೆ.)

ಆ ಗಾಳಿಯನ್ನು ಮೂರು ಪಾಲು ಮಾಡಬೇಕು. ಒಂದು ಒಳಗೆ ಹೋಗಲು, ಇನ್ನೊಂದು ಹೊರಗೆ ಬರಲು. ಮೂರನೆಯದನ್ನು ಮುಟ್ಟುವಂತಿಲ್ಲ. ಅದು ಜೊತೆಗಾರನ ಸಿಲಿಂಡರ್ ಕೈಕೊಟ್ಟರೆ ಅವನಿಗೆ! ಎರಡು ಪಾಲು ಗಾಳಿ ಇದ್ದಾಗಲೇ ತಿರುಗುವುದೇ? ನಾನೋ, ಬೈಕ್ ರಿಸರ್ವಿಗೆ ಬಂದ ಮೇಲೆ ಬಂಕ್ ಹುಡುಕುವವನು. ಹೋದ ತಿಂಗಳು ಕುಷ್ಟಗಿ ರಸ್ತೆಯಲ್ಲಿ ಮಟಮಟ ಮಧ್ಯಾಹ್ನ ಬೈಕ್ ತಳ್ಳಿದ್ದೇನೆ.

ಅಕ್ಕ ಎದ್ದು ಹೋಗಿ ರೊಟ್ಟಿ ಬುಟ್ಟಿ ತಂದಳು. “ನಿನ್ನ ಸಿಲಿಂಡರಿನ್ಯಾಗ ಆರು ರೊಟ್ಟಿ ಅದಾವ ಅನ್ಕೋ. ದಿನೇಶಂದ್ರಾಗ?”

“ಹನ್ನೆರಡು ಅನ್ನು. ಅವಂದು ದೊಡ್ಡದು. ಉಸಿರೂ ನನ್ನ ಎರಡರಷ್ಟು ಎಳಿತಾನ. ನನಗ ಸಣ್ಣದು ಸಾಕವ್ವ, ಹಗುರ ಇರ್ತೈತಿ.”

ಅಕ್ಕ ರೊಟ್ಟಿ ಎಣಿಸಿ ಇಟ್ಟಳು. “ಒಳಗ ಹೋಗೂದ್ರಾಗ ನೀ ಎರಡು ತಿಂದಿ, ಅವ ನಾಕು ತಿಂದ. ಅಲ್ಲೇ ಅವನ ಸಿಲಿಂಡರ್ ಕೈಕೊಡ್ತು ಅನ್ಕೋ, ಉಳಿದ ಬುತ್ತಿ ಪೂರ್ತಿ ಹೋತು. ನಿನ್ನ ಕಡಿ ಉಳಿದದ್ದು ನಾಕು. ಹೊರಗ ಬರಾಕ ನಿನಗ ಎರಡು ಬೇಕು, ಅವಗ ನಾಕು ಬೇಕು. ಉಳಿದ ಎರಡು ರೊಟ್ಟಿಯಾಗ ಅವ ಹೆಂಗ ಬರ್ತಾನ?”

ನೇತ್ರಾ ತಾನೇ ಮತ್ತೊಮ್ಮೆ ರೊಟ್ಟಿ ಎಣಿಸಿದಳು. ಎರಡು ಕಡಿಮೆಯೇ!

“ಹೊಲಕ್ಕ ಹೋಗೂವಾಗ ಬರೇ ನಮ್ಮ ಹೊಟ್ಟಿ ನೋಡಿ ಬುತ್ತಿ ಕಟ್ಟೂದಿಲ್ಲವ್ವ, ಜೋಡಿ ಬರಾವರ ಹೊಟ್ಟೀನೂ ನೋಡ್ತೀವಿ. ಮ್ಯಾಲ ಅಂಜಿಕಿ ಬಂದ್ರ ಮನುಷ್ಯಾ ಉಸಿರು ಇನ್ನೂ ಜೋರು ಎಳಿತಾನ.”

ನಾನು ಕೂತಲ್ಲಿಂದ ಎದ್ದು ಚಪ್ಪಾಳೆ ಹೊಡೆದೆ. ಎಂಥ ತಲೆ ನಮ್ಮಕ್ಕನದು! ನೇತ್ರಾ ಅಲ್ಲೇ ದಿನೇಶನಿಗೆ ಫೋನ್ ಮಾಡಿದಳು. “ನಾನೂ ನಿನ್ನಷ್ಟ ದೊಡ್ಡದ ತೊಗೋತೀನಿ. ಯಾರ ಮೊದಲ ಪಾಲು ಮೊದಲು ಮುಗೀತೈತಿ, ಅಲ್ಲೇ ಇಬ್ರೂ ತಿರುಗೂದು.”

“ಗುಹೆ ಡೈವಿಂಗ್ ಟೀಚರ್ ಅವತ್ತು ಆನ್‌ಲೈನ್ ಪಾಠದಲ್ಲೇ ಹೇಳಿದ್ರಲ್ಲ, ನೀನೇ ಕೇಳಲಿಲ್ಲ,” ಎಂದ ಆತ. “ಈಗ ಯಾರು ಹೇಳಿದ್ರು?”

“ನಮ್ಮವ್ವ.”

ಅಕ್ಕನ ಮುಖ ನೋಡಬೇಕಿತ್ತು. “ಈಗ ಹೋಗಿ ಬಾ,” ಎಂದಳು, ಕಣ್ಣೊರೆಸಿಕೊಳ್ಳುತ್ತ.

ಇನ್ನೂ ಸ್ವಲ್ಪ ಮುಂದೆ ಹೋಗುವುದೇ ಧೈರ್ಯ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಗಾಳಿ ಇರುವಾಗಲೇ ತಿರುಗುವುದಕ್ಕೂ ಗುಂಡಿಗೆ ಬೇಕು ಎಂದು ಅವತ್ತು ತಿಳಿಯಿತು. ತಿಳಿದು ಏನು ಬಂತು? ಸಂಜೆ, ಜೊತೆಗೆ ಬಂದಿದ್ದ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಯಲಬುರ್ಗಾಕ್ಕೆ ಹೊರಟಾಗ ಅಕ್ಕ ಕೇಳಿದಳು, “ಪೆಟ್ರೋಲ್ ಐತೇನೋ ತಮ್ಮಾ?”

“ರಿಸರ್ವ್ ಐತಿ ಅಕ್ಕಾ, ಸಾಕು.”

ಹೆಂಡತಿ ಬೈಕಿನಿಂದ ಇಳಿದೇಬಿಟ್ಟಳು.

ನಿಮ್ಮನ್ನೂ ಕೇಳುತ್ತೇನೆ, ನಿಮ್ಮ ರಿಸರ್ವಿನಲ್ಲಿ ಹಿಂದಿನ ಸೀಟಿನವರ ಪಾಲು ಎಷ್ಟು?